ಒಂದು ಗೇಣಿನ ಬಂಪರ್

ನಾನು ಹುಟ್ಟಾ ಸಂಶಯದ ಮನುಷ್ಯ. ಹಾಲಿನವಳು ನಕ್ಕರೆ ನೀರು ಬೆರೆಸಿದ್ದಾಳೆ ಅಂದುಕೊಳ್ಳುವವನು, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾಳೆ ಅಂದುಕೊಳ್ಳುವವನು. ಇಂಥವನ ತಲೆಗೆ, ಎಪ್ಪತ್ತರ ದಶಕದಲ್ಲಿ, ಬೈಲಹೊಂಗಲದ ನಮ್ಮ ವೆಲ್ಡಿಂಗ್ ಅಂಗಡಿಗೆ ಗಿರಾಕಿ ಹುಡುಕುವ ಕೆಲಸ ಬಿತ್ತು.

ಅಂಗಡಿ ಅಕ್ಕನ ಗಂಡನದು. ರೈತರ ರಂಟೆ ಕುಂಟೆ ರಿಪೇರಿ ಮಾಡುತ್ತಿದ್ದ ಮಾಮಾ ಜೀಪುಗಳಿಗೆ ದಪ್ಪ ಕಬ್ಬಿಣದ ಬಂಪರ್ ಮಾಡಲು ಶುರುಮಾಡಿದ್ದರು. ಜೀಪಿನ ಜೊತೆ ಬಂದ ಬಂಪರ್ ನಮ್ಮ ಎರೆಮಣ್ಣಿನ ಚಕ್ಕಡಿ ದಾರಿಗಳಲ್ಲಿ ಬಹಳ ದಿನ ತಾಳುತ್ತಿರಲಿಲ್ಲ. ಆದರೆ ಹೊಸದನ್ನು ಯಾರಿಗೆ ಮಾರಬೇಕು? ಅದನ್ನು ತೀರ್ಮಾನಿಸುವವನು ನಾನು, ಯಾಕೆಂದರೆ ನನಗೆ ವೆಲ್ಡಿಂಗ್ ಬರುತ್ತಿರಲಿಲ್ಲ.

"ಯುಗಾದಿಯೊಳಗ ಒಬ್ಬ ಗಿರಾಕಿನರ ಕರಕೊಂಡ ಬಾ. ಇಲ್ಲಂದ್ರ ನಾ ರಂಟಿ ಮಾಡಕೋತ ಇರತೇನಿ, ನೀ ನಿನ್ನ ದಾರಿ ನೋಡ್ಕೊ," ಅಂದರು ಮಾಮಾ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ಬಡಿಯಿತು. ಅವಳೂ ಗಂಡನ ಕಡೆಯೇ ಎಂದು ನನಗೆ ಸಂಶಯ ಬಂತು.

ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಜೀಪು ನಿಲ್ಲುವ ಕಡೆಯೆಲ್ಲ ಅಲೆದೆ. ನನ್ನ ಲೆಕ್ಕ ಇಷ್ಟೇ: ಗಟ್ಟಿ ಬಂಪರ್ ಕೇಳುವವನಿಗೆ ಯಾರಿಗೋ ಗಾಡಿ ಹಾಯಿಸುವ, ಅಂದರೆ ಗುದ್ದುವ, ಯೋಚನೆ ಇದ್ದೇ ಇರುತ್ತದೆ. ಹಾಗಾಗಿ ಮೊದಲು ಹಳೆಯ ಬಂಪರ್ ಪರೀಕ್ಷೆ. ಕಿತ್ತೂರಿನ ಗುತ್ತಿಗೆದಾರನ ಜೀಪಿನ ಎಡಮೂಲೆ ನುಗ್ಗಾಗಿತ್ತು. ದಾರಿ ಬಿಡದ ಜಾತಿ, ಬೇಡ. ಸವದತ್ತಿಯ ಒಬ್ಬ ಸಾಹುಕಾರನ ಬಂಪರಿನ ಮೇಲೆ ಒಂದು ಗೀರೂ ಇರಲಿಲ್ಲ. ಹಾಗಾದರೆ ಇವನಿಗೆ ಹೊಸದು ಯಾಕೆ? ಅವನೂ ಬೇಡ. ಕೊನೆಗೆ ನಾನು ಬಾಗಿ ನೋಡುವುದನ್ನು ಕಂಡರೆ ಸಾಕು, ಡ್ರೈವರುಗಳು ಗಾಡಿ ಚಾಲೂ ಮಾಡಿ ಹೊರಟುಬಿಡುತ್ತಿದ್ದರು. ಮಫ್ತಿಯಲ್ಲಿರುವ ಪೊಲೀಸ ಅಂದುಕೊಂಡಿದ್ದರಂತೆ.

ಯುಗಾದಿಗೆ ಎಂಟು ದಿನ ಇರುವಾಗ ಕಟಕೋಳದ ಒಬ್ಬ ತಾನಾಗಿಯೇ ಅಂಗಡಿಗೆ ಜೀಪು ತಂದ. ಮಾಮಾ ಕಬ್ಬಿಣ ತರಲು ಹೋಗಿದ್ದರು.

"ಒಂದ ಗೇಣ ಅಗಲ ಇರ್ಲಿ. ಮ್ಯಾಲೆ ಸಪಾಟ ಬೇಕು. ಅಂಚು ಗುಂಡಗ ಮಾಡ್ರಿ."

ಅವನ ಹಳೆಯ ಬಂಪರ್ ನಡುವೆ ಬಾಗಿತ್ತು. ಬಾಗಿದ ಜಾಗದಲ್ಲಷ್ಟೇ ಬಣ್ಣ ಉಜ್ಜಿ ಹೋಗಿ ಕಬ್ಬಿಣ ಮಿರುಗುತ್ತಿತ್ತು. ಯಾರಿಗೋ ಹಾಯಿಸಿ ಗುರುತು ಉಜ್ಜಿ ತೆಗೆದಿದ್ದಾನೆ! ಗುಂಡಗಿನ ಅಂಚೂ ಗುರುತು ಬೀಳದಿರಲಿ ಎಂದೇ ಇರಬೇಕು.

"ಯಾತಕ್ಕ ಇಷ್ಟ ಅಗಲ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬೇಕಾಗೇತಿ. ನಿಮಗ್ಯಾಕ ಪಂಚಾಯ್ತಿ?"

"ಯಾರಿಗೆ ಹಾಯಿಸಾವ ಅದೀಯಪಾ?" ಅಂದೆ. ಅವನ ಮುಖ ಕಪ್ಪಿಟ್ಟಿತು. ಜೀಪು ಹತ್ತಿ ಹೋದ. ಒಂದು ಜೀವ ಉಳಿಸಿದೆ ಎಂದು ನನಗೆ ಆ ದಿನ ಊಟವೂ ರುಚಿಸಿತು. ಮಾಮಾನಿಗೆ ಮಾತ್ರ ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು, ಕೊನೆಯ ಪ್ರಯತ್ನವೆಂದು ರಾಮದುರ್ಗಕ್ಕೆ ಹೊರಟೆ. ಬಸ್ಸು ಕಟಕೋಳದಲ್ಲಿ ಕೆಟ್ಟು ನಿಂತಿತು. ರಾಮದುರ್ಗಕ್ಕೆ ಹೊರಟಿದ್ದು ಒಂದೇ ಜೀಪು, ಅವನದು. ಒಳಗೆ ಹೆಂಗಸರು, ಕೂಸುಗಳು, ಜೋಳದ ಚೀಲ. ಗಂಡಸರು ಹಿಂದೆ ಜೋತುಬಿದ್ದಿದ್ದರು. ಮುಂದೆ ಬಂಪರಿನ ಮೇಲೆ ಒಬ್ಬನೇ ತರುಣ ಕೂತಿದ್ದ. ಬಂಪರಿನ ಒಂದು ತುದಿಯನ್ನು ಹಗ್ಗದಿಂದ ಕಟ್ಟಿದ್ದರು.

ಡ್ರೈವರ ನನ್ನನ್ನು ಗುರುತು ಹಿಡಿದ. ನಾನು ಪೊಲೀಸರ ಕಡೆಯವನಲ್ಲ ಎಂದು ಆಣೆ ಮಾಡಬೇಕಾಯಿತು. ಮಂದಿ ಹೇರಲು ಅವನಿಗೆ ಪರ್ಮಿಟ್ ಇರಲಿಲ್ಲ, ಅದಕ್ಕೇ ಅಂದು ಬಾಯಿ ಬಿಟ್ಟಿರಲಿಲ್ಲ. ಒಳಗೆ ಜಾಗವಿಲ್ಲದ್ದು ನೋಡಿ ನಾನು ಬಂಪರಿನ ಕಡೆ ನಡೆದೆ.

"ಅಲ್ಲಿ ಬ್ಯಾಡ್ರಿ! ಅದು ತಡಿಯಾಂಗಿಲ್ಲ," ಎಂದು ಕೂಗಿ ತನ್ನ ಪಕ್ಕದ ಚೀಲ ಸರಿಸಿ ಜಾಗ ಮಾಡಿದ.

"ಅಂವ ಕುಂತಾನಲ್ಲ?"

"ಅಂವ ನನ್ನ ತಮ್ಮರಿ. ಮೊನ್ನೆ ತುದಿ ಮುರದಾಗಿಂದ ಬ್ಯಾರೆ ಯಾರನ್ನೂ ಅದರ ಮ್ಯಾಲೆ ಕುಂದ್ರಸಾಂಗಿಲ್ಲ. ಅಂವ ಒಳಗ ಬಂದ್ರ ಒಂದ ಹೆಣ್ಣಮಗಳು ಇಳೀಬೇಕಾಗತೈತಿ."

ರಾಮದುರ್ಗದವರೆಗೆ ಗಾಜಿನಾಚೆ ಆ ತಮ್ಮನ ಬೆನ್ನು ನೋಡುತ್ತ ಕೂತೆ. ದಾರಿಯ ಪ್ರತಿ ತಗ್ಗಿಗೂ ಅಣ್ಣನ ಕಾಲು ಬ್ರೇಕಿಗೆ ಹೋಗುತ್ತಿತ್ತು. ಹಾಯಿಸಿದ ಬಂಪರ್ ಒಳಕ್ಕೆ ಬಾಗುತ್ತದೆ. ಇದು ಕೆಳಕ್ಕೆ ಬಾಗಿತ್ತು. ಬಣ್ಣ ಉಜ್ಜಿದ್ದು ಕೂತವರ ಧೋತರ, ಗುಂಡಗಿನ ಅಂಚು ಕೇಳಿದ್ದು ಅವರ ತೊಡೆಗೆ ಒತ್ತದಿರಲಿ ಎಂದು. ಇಷ್ಟು ನೋಡಲು ಬಾರದ ನಾನು ಪರೀಕ್ಷೆ ಮಾಡುವವನು! ನಾಚಿಕೆಯಾಯಿತು.

ರಾಮದುರ್ಗದಲ್ಲಿ ಇಳಿದು, ಅಳತೆ ತಗೊಳ್ಳುತ್ತೇನೆ ಎಂದೆ.

"ಈಗರ ಹೇಳ್ರಿ," ಅಂದ ಡ್ರೈವರ, "ನಾ ಯಾರಿಗೆ ಹಾಯಿಸಾವ ಅದೇನಿ?"

ನಾನು ಬಂಪರಿನ ಮುಂದೆ ಬಾಗಿದೆ. ಅವನ ತಮ್ಮನನ್ನು ಮತ್ತೆ ಕೂರಿಸಿ, ಅವನಿಗೆ ಬೇಕಾದ ಅಗಲವನ್ನು ಕೈಯಿಂದ ಅಳೆದೆ. ಸರಿಯಾಗಿ ಒಂದು ಗೇಣು.