ಫಿನೆಟಾಳ ಚಪ್ಪಾಳೆ

ನಮ್ಮೂರಿನಲ್ಲಿ ಚರ್ಚು ಒಂದೇ, ಬ್ಯಾಂಡು ಮಾತ್ರ ಎರಡು: ಹಳೆಯದು, ಹೊಸದು. ವಲೆನ್ಸಿಯಾ ಸೀಮೆಯ ಮಗು ಹುಟ್ಟುವಾಗಲೇ ಒಂದು ಬ್ಯಾಂಡಿಗೆ ಸೇರಿರುತ್ತದೆ. ನಾನು ಹಳೆಯದರವನು, ನಲವತ್ತು ವರ್ಷದಿಂದ ಕ್ಲಾರಿನೆಟ್ ಊದುತ್ತಿದ್ದೇನೆ. ಹೊಸದರವರು ಊದುವುದನ್ನು ಸಂಗೀತ ಎನ್ನಲು ನನಗಿನ್ನೂ ಮನಸ್ಸು ಬಂದಿಲ್ಲ.

ನಮ್ಮ ಮೇಷ್ಟ್ರು ಎಲಿಸೆಯು ಮೊಂಟಗುಟ್. ಹಗಲೆಲ್ಲ ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದು, ಸಂಜೆ ಸಂಗೀತ ಬರೆಯುತ್ತಿದ್ದರು. ಹರೆಯದಲ್ಲಿ ಮ್ಯಾಡ್ರಿಡ್‌ನಿಂದ ಕರೆ ಬಂದಾಗ, "ಅಲ್ಲಿಯವ್ರಿಗೆ ಅನ್ನ ಬೇಯಿಸೋಕೇ ಬರಲ್ಲ ಮಾರಾಯ" ಎಂದು ಹೋಗಲೇ ಇಲ್ಲ. ಬೀದಿಯಲ್ಲಿ ನಡೆಯುತ್ತ ನುಡಿಸುವ ಪಾಸೊಡೋಬ್ಲೆಗಳನ್ನೇ ಅರವತ್ಮೂರು ಬರೆದರು. ಒಂದೊಂದಕ್ಕೂ ಊರಿನ ಒಬ್ಬರ ಹೆಸರು: ರೊಟ್ಟಿಯವನದು, ಸೂಲಗಿತ್ತಿಯದು, ಕಡೆಗೆ ದನದ ಡಾಕ್ಟರದೂ.

ಹೆಂಡತಿ ಫಿನೆಟಾಳ ಹೆಸರಿನದು ಮಾತ್ರ ಇರಲಿಲ್ಲ. ಆಕೆ ಹೊಸದರ ಮನೆಯ ಹೆಣ್ಣು; ಅಂಥವರ ಹೆಸರನ್ನು ನಮ್ಮ ಬ್ಯಾಂಡು ನುಡಿಸುವಂತಿಲ್ಲ. ಮದುವೆಯಾದ ಮೇಲೆ ಗಂಡನ ಸಂಗೀತ ಕಛೇರಿಗಳಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದಳು. ಮೂವತ್ತನಾಲ್ಕು ವರ್ಷ ಮೊದಲ ಸಾಲಿನಲ್ಲಿ ಕೂತಳು. ಒಮ್ಮೆಯೂ ಚಪ್ಪಾಳೆ ಹೊಡೆಯಲಿಲ್ಲ. ನಗರದ ಸ್ಪರ್ಧೆಯಲ್ಲಿ ನಮಗೆ ಮೊದಲ ಬಹುಮಾನ ಬಂದು ಇಡೀ ಸಭಾಂಗಣ ಎದ್ದು ನಿಂತ ದಿನವೂ ಇಲ್ಲ.

"ಒಂದ್ಸಲ ತಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದು ಮೇಷ್ಟ್ರು ಊರಿಗೆ ಮರಳುವ ಬಸ್ಸಿನಲ್ಲೇ ಕೇಳಿದರು.

"ಬರ್ತೀನಿ ಅಂದಿದ್ದೆ, ಬಂದೆ. ತಟ್ತೀನಿ ಅಂದಿದ್ನಾ?"

ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ. ಅವರಿಗೆ ಬೇಕಿದ್ದುದು ಆ ಎರಡು ಕೈಗಳ ಸದ್ದು, ಬಹುಮಾನವಲ್ಲ.

ಆ ವರ್ಷವೇ ಅವರು ಅರವತ್ನಾಲ್ಕನೆಯದನ್ನು ಬರೆದು 'ಫಿನೆಟಾ' ಎಂದು ಹೆಸರಿಟ್ಟರು. ನಾವು ನುಡಿಸುವುದಿಲ್ಲವೆಂದು ಗೊತ್ತಿದ್ದರಿಂದ ಕದ್ದುಮುಚ್ಚಿ ಹೊಸದರವರಿಗೆ ಕೊಟ್ಟರು. ಊರಲ್ಲಿ ಗುಟ್ಟು ನಿಲ್ಲುತ್ತದೆಯೇ? ಸಭೆ ಸೇರಿ ಕೈ ಎತ್ತಿ ಮೇಷ್ಟ್ರನ್ನು ಕಿತ್ತುಹಾಕಿದೆವು. ಮೊದಲು ಎತ್ತಿದ ಕೈ ನನ್ನದು. ಇವತ್ತಿಗೂ ನಾಚಿಕೆಯಾಗುತ್ತದೆ.

ಸಂಗೀತಗಾರರನ್ನು ಕಾಯುವ ಸಂತ ಸೆಸಿಲಿಯಾಳ ಹಬ್ಬದ ಬೆಳಿಗ್ಗೆ ಹೊಸದರವರು ಫಿನೆಟಾಳ ಬಾಲ್ಕನಿಯ ಕೆಳಗೆ ನಿಂತು 'ಫಿನೆಟಾ' ನುಡಿಸಿದರು. ಆಕೆ ಕಂಬಿ ಹಿಡಿದು ಕೇಳಿದಳು. ಎದುರು ಜಗುಲಿಯ ಮೇಲೆ ಮೇಷ್ಟ್ರು ಬ್ಯಾಂಡು ನಡೆಸುವ ಕೋಲಿಲ್ಲದೆ ಬರಿಗೈಯಲ್ಲಿ, ದಾರಿಹೋಕರ ಹಾಗೆ ನಿಂತಿದ್ದರು. ಆಕೆ ನೋಡುತ್ತಿದ್ದುದು ಅವರನ್ನೇ.

ಅರ್ಧ ಗಂಟೆಯಲ್ಲಿ ಮನೆಚಪ್ಪಲಿಯಲ್ಲೇ ನಮ್ಮ ತಾಲೀಮಿನ ಕೋಣೆಗೆ ನುಗ್ಗಿದಳು.

"ಏ ಕೊಸ್ಮೆ," ಎಂದು ನೇರ ನನ್ನನ್ನೇ ಹಿಡಿದಳು, "ಕೈ ಎತ್ತಿ ಓಡಿಸಿದ್ರಲ್ಲ, ಅದೇ ಕೈ ಎತ್ತಿ ವಾಪಸ್ ಕರೀರಿ. ಕೋಲಿಲ್ದೆ ಆ ಮನುಷ್ಯ ಸೊರಗಿಹೋಗ್ತಾನೆ."

"ಅವ್ರು ಮಾಡಿದ್ದು ದ್ರೋಹ ಕಣಮ್ಮ."

"ಹೂಂ ಕಣೋ, ದ್ರೋಹಾನೇ. ನಾನೂ ಮಾಡ್ತೀನಿ. ಭಾನುವಾರ ನಿಮ್ ಬ್ಯಾಂಡಿಗೆ ಚಪ್ಪಾಳೆ ಹೊಡೀತೀನಿ. ಸಾಕಾ?"

ಹೊಸದರ ಮಗಳ ಬಾಯಿಂದ ಅಂಥ ಮಾತು! ಕೈಗಳು ಒಂದೊಂದಾಗಿ ಮೇಲೆದ್ದವು.

ಭಾನುವಾರ ಮೇಷ್ಟ್ರು ಕೋಲೆತ್ತಿದರು. ಕೃತಿಯ ಮೊದಲ ಭಾಗ ಮುಗಿದು, ಎರಡನೆಯದಕ್ಕೆ ಮುನ್ನ ಒಂದು ಕ್ಷಣದ ಬಿಡುವು. ಕೃತಿ ಪೂರ್ತಿ ಮುಗಿಯದೆ ಅಲ್ಲಿ ತಟ್ಟಬಾರದೆಂದು ನಮ್ಮೂರಿನ ಹಸುಗೂಸಿಗೂ ಗೊತ್ತು. ಫಿನೆಟಾ ಅಲ್ಲೇ, ಒಬ್ಬಳೇ, ಪಟಪಟ ತಟ್ಟಿದಳು. ಮೂವತ್ತನಾಲ್ಕು ವರ್ಷದಿಂದ ಅಭ್ಯಾಸವಿಲ್ಲ, ಪಾಪ. ಯಾರೋ 'ಶ್‌' ಎಂದರು. ಆಕೆಯ ಮುಖ ಕೆಂಪಾಯಿತು, ಆದರೂ ನಿಲ್ಲಿಸಲಿಲ್ಲ.

ಒಂದು ಸ್ವರ ತಪ್ಪಿದರೆ ನಮ್ಮನ್ನು ಹೊರಗೆ ಅಟ್ಟುತ್ತಿದ್ದ ಮೇಷ್ಟ್ರು ಕೋಲು ಕೆಳಗಿಟ್ಟರು. ತಿರುಗಿ, ನಡು ಪೂರ್ತಿ ಬಾಗಿಸಿ, ಆಕೆಗೆ ವಂದಿಸಿದರು.