ನಾಲ್ಕು ತಾಸಿನ ಹಾದಿ

ದೂರವನ್ನು ಕಡಿಮೆ ಮಾಡಿ ಹೇಳುವ ಕೆಟ್ಟ ಚಟ ನನಗಿತ್ತು. ಕುವೈತಿನಿಂದ ಬಾಗಲಕೋಟೆ ಎಷ್ಟು ದೂರವೆಂದು ಯಾರೇ ಕೇಳಲಿ, ‘ನಾಲ್ಕು ತಾಸು’ ಎಂದುಬಿಡುತ್ತಿದ್ದೆ. ಪೂರ್ತಿ ಸುಳ್ಳೇನಲ್ಲ, ವಿಮಾನ ಮುಂಬೈ ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಬೇಕು. ಅಲ್ಲಿ ಹುಬ್ಬಳ್ಳಿ ವಿಮಾನಕ್ಕೆ ಕಾಯುವುದು, ಆಮೇಲಿನ ಬಸ್ಸು, ಎಲ್ಲಕ್ಕೂ ಮೊದಲು ದೇಶ ಬಿಡಲು ಕಂಪನಿಯ ಪರವಾನಗಿ, ಇವ್ಯಾವುವೂ ನನ್ನ ಲೆಕ್ಕದಲ್ಲಿ ಇರುತ್ತಿರಲಿಲ್ಲ.

ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ನಡೆದು ಕಾಲು ನೋಯಿಸಿಕೊಂಡವರ ಅಳತೆ ಅದು, ಮೋಸವಿರಲಿಲ್ಲ. ತಾಸಿನ ಅಳತೆಯೋ ಶುದ್ಧ ಲಫಂಗ. ಎರಡು ದೇಶಗಳ ಗಡಿಯಾರಕ್ಕೆ ಎರಡೂವರೆ ತಾಸಿನ ಅಂತರ. ಹಾಗಾಗಿ ಅದೇ ವಿಮಾನ ಊರಿಗೆ ಹೋಗುವಾಗ ಗಡಿಯಾರದ ಆರೂವರೆ ತಾಸು ನುಂಗುತ್ತದೆ, ಬರುವಾಗ ಒಂದೂವರೆ ತಾಸಿಗೇ ತಂದು ಇಳಿಸುತ್ತದೆ.

ನನ್ನ ಈ ಬಡಾಯಿಯನ್ನು ಹೆಚ್ಚು ಕೇಳಿದವಳು ಅಕ್ಕ. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು. ಫೋನಿನಲ್ಲಿ ಅವಳ ದನಿ ಸಣ್ಣಗಾದಾಗಲೆಲ್ಲ, “ನಾಲ್ಕ ತಾಸಿನ ಹಾದಿ ಅಕ್ಕಾ, ನೀ ರೊಟ್ಟಿ ಬಡಿಯೂದ್ರಾಗ ಬಂದಿರ್ತೀನಿ” ಎನ್ನುತ್ತಿದ್ದೆ.

ಈ ಚಳಿಗಾಲದ ಒಂದು ಬೆಳಗ್ಗೆ, ಕುವೈತಿನ ಶುಐಬಾದ ಪ್ಲಾಂಟಿನಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದಾಗ ಅಕ್ಕನ ಗಂಡ, ನನ್ನ ಮಾವ, ಫೋನ್ ಮಾಡಿದರು. “ನಿಮ್ಮಕ್ಕ ಹೋದ್ಲಪಾ. ಲಗೂನ ಬಾ. ನಾಲ್ಕ ತಾಸಲ್ಲೇನು? ನೀ ಬಂದಮ್ಯಾಲೇ ಮಣ್ಣ ಮಾಡ್ತೀವಿ.”

ನಮ್ಮಲ್ಲಿ ಮುತ್ತೈದೆ ಹೋದರೆ ತವರಿನವರು ಸೀರೆ ಹೊದಿಸಬೇಕು. ಅಕ್ಕನಿಗೆ ತವರೆಂದರೆ ನಾನೊಬ್ಬನೇ. ಅವಳನ್ನು ಪಡಸಾಲೆಯಲ್ಲಿ ಕೂಡ್ರಿಸಿ, ಭಜನೆ ಹಚ್ಚಿ, ನನ್ನ ಸೀರೆಗಾಗಿ ಕಾದರು. ಇಲ್ಲಿ ನನ್ನ ಪರವಾನಗಿಯ ಅರ್ಜಿ ನೋಡಿದ ಸಾಹೇಬರು “ಬುಕ್ರಾ” ಎಂದರು, ನಾಳೆ ಎಂದು. ಮಾವ ಎರಡು ಸಲ “ವಿಮಾನ ಹತ್ತಿದೇನು?” ಎಂದು ಕೇಳಿದರು. ಎರಡು ಸಲವೂ “ಹತ್ತಾಕತ್ತೀನಿ” ಎಂದೆ. ಥೂ, ನನ್ನ ನಾಲಿಗೆಗೆ ಬೆಂಕಿ ಹಾಕ! ಮೂರನೆಯ ಸಲ ಫೋನ್ ಬಂದಾಗ ಊರಿನಲ್ಲಿ ಹೊತ್ತು ಇಳಿಯುತ್ತಿತ್ತು. ಅತ್ತುಬಿಟ್ಟೆ. “ಮಾವಾ, ನಾ ಇನ್ನೂ ಕುವೈತಿನ್ಯಾಗ ಅದೀನಿ. ನೀವು ಮಣ್ಣ ಮಾಡ್ರಿ.” ನನ್ನ ಹೆಸರಿನಲ್ಲಿ ಮಾವನೇ ಸೀರೆ ತರಿಸಿ ಹೊದಿಸಿದರು.

ಮೂರನೆಯ ದಿನ ಊರು ಮುಟ್ಟಿ, ಅಕ್ಕನಿಗೆ ಜೀವಮಾನವೆಲ್ಲ ಸುಳ್ಳು ಹೇಳಿದೆನೆಂದು ಮಾವನ ಮುಂದೆ ಗೋಳಾಡಿದೆ. “ಆಕಿಗೆ ಗೊತ್ತಿತ್ತೋ ಹುಚ್ಚಾ,” ಎಂದರು ಮಾವ. “ನೀ ಊರಿಗೆ ಬರೂವಾಗ ನಾಲ್ಕ ತಾಸು ಅಂದ್ರ ಆಕಿ ಮರದಿನಾನ ಹಿಟ್ಟ ನಾದಾಕಿ. ನಂಬಿದಾಂವ ನಾ ಒಬ್ಬನ.”

ಈಗ ಮತ್ತೆ ಕುವೈತಿಗೆ ಮರಳಿದ್ದೇನೆ. ಶುಕ್ರವಾರದ ರಜೆಯಲ್ಲಿ, ಇಲ್ಲಿನ ಮೈದಾನ್ ಹವಲ್ಲಿಯ ಮನೆಯಿಂದ ಮಾವನಿಗೆ ಫೋನ್ ಮಾಡುತ್ತೇನೆ. ಕಳೆದ ವಾರ ಅವರು, “ಮತ್ತ ಯಾವಾಗ ಬರ್ತಿ? ಖರೇನ ಎಷ್ಟ ಹೊತ್ತಿನ ಹಾದಿ ಅದು?” ಎಂದು ಕೇಳಿದರು. ಆ ಚಟ ಬಿಟ್ಟಿದ್ದೆ, ನಿಜವನ್ನೇ ಹೇಳಿದೆ: ಎಲ್ಲ ಸರಿಯಾಗಿ ಕೂಡಿಬಂದರೂ ಒಂದು ಹಗಲು, ಒಂದು ರಾತ್ರಿ.

ಮಾವ, “ಅಷ್ಟ ದೂರ ಬ್ಯಾಡೋ ತಮ್ಮಾ. ನನಗೂ ನಾಲ್ಕ ತಾಸು ಅಂತನ ಹೇಳು” ಎಂದರು.

ಹೇಳಿದೆ.