ಸ್ಥಳ ಬದಲಾದ ಪಂಜರಗಳು

ಶಾಂಭವಿಯ ಪ್ರಯೋಗ ಹಾಳಾದದ್ದು ನನ್ನಿಂದ. ಹಾಳು ಮಾಡಿದ್ದು ನಾನೇ ಎಂದು ಗೊತ್ತಿದ್ದೂ ಸುಮ್ಮನಿದ್ದೆ — ಒಂದು ದಿನವಲ್ಲ, ಇಷ್ಟು ವರ್ಷ.

ಆಗ ನಾವಿಬ್ಬರೂ ಚೆನ್ನೈಯ ಗಿಂಡಿಯ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆವು. ನಾನು ಮೈಸೂರಿನಿಂದ ಬಂದವಳು, ಅವಳಿಗಿಂತ ಹಿರಿಯಳು. ಅವಳು ಚೆನ್ನೈಯಲ್ಲೇ ಹುಟ್ಟಿದವಳು. ಕುಂದಾಪುರದ ಕಡೆಯ ಅವಳಪ್ಪ ಸೈದಾಪೇಟೆಯ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಇಡೀ ಲ್ಯಾಬಿನಲ್ಲಿ ನನಗೆ ಕನ್ನಡಕ್ಕೆ ಅವಳೊಬ್ಬಳೇ ದಿಕ್ಕು. ಮಾತಿನ ನಡುವೆ ಅವಳಿಗೆ ತಮಿಳು ನುಗ್ಗಿ ಬರುತ್ತಿತ್ತು — ನಾನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು.

ಅವಳದು ಹೊಸ ಲಸಿಕೆಯೊಂದರ ಪರೀಕ್ಷೆ. ಸುಂಡಿಲಿಗಳಿಗೆ ಅದನ್ನು ಚುಚ್ಚಿ, ಅವುಗಳ ರಕ್ತದ ಬಿಳಿಕಣಗಳು ಎಚ್ಚೆತ್ತುಕೊಳ್ಳುತ್ತವೆಯೇ ಎಂದು ನೋಡಬೇಕಿತ್ತು. ನನ್ನ ವಿಷಯ ಭಯ. ಹೆದರಿದ ಪ್ರಾಣಿಯ ಮೈಯಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಹೆದರಿಕೆ ದಿನಗಟ್ಟಲೆ ಉಳಿದರೆ ಹಾರ್ಮೋನೂ ಇಳಿಯುವುದಿಲ್ಲ. ಆಗ ರೋಗದ ವಿರುದ್ಧ ನಿಲ್ಲಬೇಕಾದ ಕಣಗಳು ಕಡಿಮೆಯಾಗುತ್ತವೆ, ಉಳಿದವು ಮಂಕಾಗುತ್ತವೆ. ಅಲ್ಲಿದ್ದವರಲ್ಲಿ ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ — ಅದನ್ನೇ ಮುಖ್ಯವಾಗಿ ಹೇಳಬೇಕು.

ಲಸಿಕೆ ಚುಚ್ಚಿ ಮುಗಿಸಿ ಶಾಂಭವಿ ಸೋದರತ್ತೆಯ ಮಗಳ ಮದುವೆಗೆಂದು ಊರಿಗೆ ಹೋದಳು. ನನಗೆ ಹೊಸ ಸುಂಡಿಲಿಗಳು ಬಂದಿದ್ದವು, ಇಡಲು ಜಾಗವಿರಲಿಲ್ಲ. ಅವಳ ಪಂಜರಗಳನ್ನು ಎತ್ತಿ, ದೊಡ್ಡ ಜಾತಿಯ ಇಲಿಗಳಿದ್ದ ಕೋಣೆಯಲ್ಲಿಟ್ಟೆ. ಅಂಥ ಇಲಿಗಳು ಸುಂಡಿಲಿಗಳನ್ನು ಕೊಂದು ತಿನ್ನುತ್ತವೆ. ಪಂಜರದೊಳಗಿದ್ದರೇನು, ಹೆದರಲು ವಾಸನೆ ಸಾಕು. ಒಂದೆರಡು ದಿನ ತಾನೇ, ಅಂದುಕೊಂಡೆ. ಆಮೇಲೆ ಕೆಲಸದಲ್ಲಿ... ಇಲ್ಲ, ಮರೆತಿರಲಿಲ್ಲ. ವಾಪಸ್ ಇಡುವುದನ್ನು ಬೇಕೆಂದೇ ಮುಂದೂಡಿದೆ. ಅವಳು ಬರುವ ಮುಂಚೆ ಎಲ್ಲವನ್ನೂ ಮೊದಲಿದ್ದಲ್ಲೇ ಇಟ್ಟೆ.

ಅವಳು ಬಂದು ರಕ್ತ ತೆಗೆದು ನೋಡಿದರೆ, ಲಸಿಕೆ ಕೆಲಸವನ್ನೇ ಮಾಡಿರಲಿಲ್ಲ. ನಮ್ಮಿಬ್ಬರಿಗೂ ಮಾರ್ಗದರ್ಶಕರಾಗಿದ್ದ ಸರ್ ಎಲ್ಲರೆದುರು ಅವಳನ್ನು, ನೆಟ್ಟಗೆ ಸೂಜಿ ಚುಚ್ಚಲೂ ಬಾರದವಳು ಎಂದುಬಿಟ್ಟರು. ಅವಳು ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು.

"ಅಕ್ಕಾ, ನಾನ್ ಇಲ್ದೇ ಇದ್ದಾಗ ಎಂತಾದ್ರೂ ಆಯ್ತಾ? ನಿಜಮಾ ಹೇಳಿ."

"ಏನೂ ಇಲ್ವಲ್ಲೇ," ಅಂದೆ.

ಅವಳ ಸುಂಡಿಲಿಗಳ ರಕ್ತ ಇನ್ನೂ ಫ್ರೀಜರಿನಲ್ಲಿತ್ತು. ಯಾರಿಗೂ ಹೇಳದೆ ಅದರಲ್ಲಿ ಹಾರ್ಮೋನು ಅಳೆದೆ. ನಾನು ಹೆದರಿದ್ದಂತೆಯೇ ಏರಿತ್ತು. ಅದನ್ನು ಸರ್ ಮುಂದಿಟ್ಟಿದ್ದರೆ ಸಾಕಿತ್ತು, ತಪ್ಪು ಅವಳದಲ್ಲ ಎಂದು ತಿಳಿಯುತ್ತಿತ್ತು. ಇಡಲಿಲ್ಲ — ಉಳಿದ ರಕ್ತವನ್ನೂ ಎಸೆದುಬಿಟ್ಟೆ. ಪಂಜರ ಸರಿಸಿದ್ದನ್ನು ಅವಸರ ಎನ್ನಬಹುದೇನೋ. ಇದಕ್ಕೆ ಏನನ್ನಲಿ?

ಶಾಂಭವಿಗೆ ಎರಡನೆಯ ಅವಕಾಶ ಸಿಗಲಿಲ್ಲ. ಆ ವರ್ಷವೇ ಸಂಶೋಧನೆ ಬಿಟ್ಟಳು. ನನಗೆ ಪದವಿ ಬಂತು, ಪೆರುಂಗುಡಿಯಲ್ಲಿ ಕೆಲಸ ಸಿಕ್ಕಿತು. ಭಯದ ಬಗ್ಗೆ ಭಾಷಣ ಮಾಡಲು ನನ್ನನ್ನು ಕರೆಯುತ್ತಾರೆ.

ಕಳೆದ ವಾರ ಅವಳ ಮನೆಗೆ ಹೋದೆ. ಈಗವಳು ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ನಡೆದದ್ದನ್ನೆಲ್ಲ ಹೇಳಿದೆ. ಒಳಗಿಂದ ಮಗಳು ತಮಿಳಿನಲ್ಲಿ ಏನೋ ಕೇಳಿದಳು. ಶಾಂಭವಿ ಅವಳಿಗೆ, ಆಮೇಲೆ ಬಾ ಎಂದು ಕೈಸನ್ನೆ ಮಾಡಿದಳು.

"ಅವತ್ತೇ ಹೇಳಿದ್ರೆ ಒಂದ್ ವಾರ ಮಾತು ಬಿಡ್ತಿದ್ದೆ, ಅಷ್ಟೇ," ಅಂದಳು. "ಮತ್ತೆ ಇಬ್ರೂ ಸೇರಿ ಇನ್ನೊಂದ್ ಸಲ ಮಾಡ್ತಿದ್ವಿ."

ಮತ್ತೆ ಅವಳೇ ಕೇಳಿದಳು:

"ಸರ್ ಹತ್ರ ಹೇಳಿದ್ರಾ?"

"ಇಲ್ಲ."

"ಅವ್ರಿಗೂ ಹೇಳಿ, ಅಕ್ಕ."

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ನಾನೂ ಕೇಳಲಿಲ್ಲ. ಸರ್ ನಿವೃತ್ತರಾಗಿ ಅಡ್ಯಾರಿನಲ್ಲಿದ್ದಾರೆ. ಫೋನಿನಲ್ಲಿ ನನ್ನ ದನಿ ಕೇಳಿ ಖುಷಿಪಟ್ಟರು, ಭಾನುವಾರ ಊಟಕ್ಕೇ ಬಾ ಎಂದರು. ಊಟಕ್ಕೆ ಕೂರುವ ಮೊದಲೇ ಹೇಳಿಬಿಡಬೇಕು.